ಬಿದ್ದ ಮರದ ಎರಡನೇ ಆಯಸ್ಸು

ವಿಮಾನಪುರದ ಕಡೆ ರಸ್ತೆಬದಿಯ ದೊಡ್ಡ ಮಳೆಮರವೊಂದು ಬಿದ್ದರೆ ಮುಂದಿನ ಕಥೆ ನಮಗೆಲ್ಲ ಗೊತ್ತು. ಟ್ರಾಫಿಕ್ ಜಾಮ್, ಗರಗಸದ ಸದ್ದು, ಒಂದು ಲಾರಿ. ಸಂಜೆ ಹೊತ್ತಿಗೆ ರಸ್ತೆ ಖಾಲಿ. ಆ ಮರ ಎಲ್ಲಿಗೆ ಹೋಯ್ತು ಅಂತ ಕೇಳೋರು ಕಮ್ಮಿ. ಸಾಮಾನ್ಯವಾಗಿ ಹರಾಜು, ಆಮೇಲೆ ಸೌದೆ, ಕೊನೆಗೆ ಬೂದಿ.

ಈ ಸಾಲುಮರಗಳು ತಾವಾಗೇ ಹುಟ್ಟಿದವಲ್ಲ ಸ್ವಾಮಿ. 1809ರಲ್ಲಿ ಹಲಸೂರಿನ ಪಕ್ಕ ದಂಡು ಬಂದು ಕೂತಿತು, ಅದರ ರಸ್ತೆಗಳಿಗೆ ನೆರಳು ಬೇಕಾಯ್ತು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕ್ರುಂಬಿಗಲ್, ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಅರಳುವ ಹಾಗೆ ಲೆಕ್ಕ ಹಾಕಿ ನೆಡಿಸಿದರು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ವಿಮಾನ ಕಾರ್ಖಾನೆ ಕಟ್ಟಿದ ಮೇಲೆ ಊರು ಪೂರ್ವಕ್ಕೆ ಬೆಳೆಯಿತು, ಮರಗಳೂ ಬೆಳೆದವು. 1980ರ ದಶಕದ ಶುರುವಿನಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಊರ ತುಂಬ ಲಕ್ಷಗಟ್ಟಲೆ ಸಸಿ ಹಾಕಿಸಿದರು. ಆ ಸಸಿಗಳಿಗೆ ಈಗ ನಲವತ್ತು ದಾಟಿದೆ. ಒಟ್ಟಿಗೆ ನೆಟ್ಟವು ಒಟ್ಟಿಗೇ ಮುದಿಯಾಗುತ್ತವೆ. ಇನ್ನು ಮೇಲೆ ಬೀಳುವ ಮರಗಳು ಹೆಚ್ಚೇ.

1976ರಲ್ಲಿ ಮರ ಸಂರಕ್ಷಣಾ ಕಾಯ್ದೆ ಬಂತು, ಒಳ್ಳೆಯದೇ. ಆದರೆ ಅದರ ಗಮನವೆಲ್ಲ ಕಡಿಯುವ ಅನುಮತಿ ಮತ್ತು ಬದಲಿ ಸಸಿಯ ಮೇಲೆ. ಬಿದ್ದ ದಿಮ್ಮಿಯ ಗತಿ ಹರಾಜಿನವರ ಪಾಲಿಗೇ ಉಳಿಯಿತು.

ನಮ್ಮ ಹಿರಿಯರು ಹೀಗಿರಲಿಲ್ಲ. ಹಲಸು ಬಿದ್ದರೆ ಬಾಗಿಲಾಗುತ್ತಿತ್ತು, ವೀಣೆಯಾಗುತ್ತಿತ್ತು. ಹುಣಸೆ ಬಿದ್ದರೆ ಕೊರಡು, ಗಾಣ. ಜಾಲಿ ಅಂದ್ರೆ ಗಾಡಿ ಚಕ್ರ. ನಾವು ಸೌದೆ ಮಾಡುವ ಇದೇ ಮಳೆಮರದಿಂದ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನವರು, ಹವಾಯಿಯವರು ಬಟ್ಟಲು ಕೆತ್ತಿ ಮಾರಿದ್ದಾರೆ! ಅಮೆರಿಕದಲ್ಲಿ 2002ರಲ್ಲಿ ಒಂದು ಹಸಿರು ಜೀರುಂಡೆ ಪತ್ತೆಯಾಯ್ತು, ಅದು ಕೋಟಿಗಟ್ಟಲೆ ಆ್ಯಶ್ ಮರಗಳನ್ನು ಕೊಂದಿತು. ಆಗ ಅಲ್ಲಿನ ಊರುಗಳು ಸತ್ತ ಬೀದಿಮರಗಳನ್ನು ಹಲಗೆ ಕೊಯ್ಯಿಸಿ ಬೆಂಚು, ಮೇಜು ಮಾಡಿಸೋದನ್ನ ರೂಢಿ ಮಾಡಿಕೊಂಡವು.

ಇಲ್ಲಿ ಯಾಕಾಗಲ್ಲ? ಮೊದಲನೆಯದು, ರಸ್ತೆ ಬೇಗ ತೆರವಾಗಲಿ ಅಂತ ಬೊಡ್ಡೆಯನ್ನು ಎರಡು ಮೂರು ಅಡಿಗೆ ತುಂಡರಿಸ್ತಾರೆ. ಅದರಲ್ಲಿ ಉದ್ದನೆ ಹಲಗೆ ಹುಟ್ಟಲ್ಲ. ಎರಡನೆಯದು ಮೊಳೆ. ಟ್ಯೂಷನ್, ಪಿಜಿ, ಮನೆ ಬಾಡಿಗೆ.. ಹೊಡೆದ ಪ್ರತಿ ಬೋರ್ಡಿನ ಮೊಳೆಯನ್ನೂ ಮರ ನುಂಗಿಕೊಂಡು ಬೆಳೆದಿರುತ್ತೆ. ಸಾಮಿಲ್ಲಿನ ಬ್ಲೇಡಿಗೆ ಅದು ತಾಗಿದರೆ ಹಲ್ಲು ಹೋಯ್ತು ಅಂತಲೇ ಲೆಕ್ಕ. ಮೂರನೆಯದು ತಾಳ್ಮೆ. ಒಂದಂಗುಲ ದಪ್ಪದ ಹಲಗೆ ನೆರಳಲ್ಲಿ ಒಣಗೋಕೆ ಹೆಚ್ಚುಕಡಿಮೆ ಒಂದು ವರ್ಷ. ಅವಸರ ಮಾಡಿದರೆ ಸೀಳುತ್ತೆ, ಸೊಟ್ಟಗಾಗುತ್ತೆ, ಹಸಿ ಬಿಟ್ಟರೆ ಹುಳ ಹಿಡಿಯುತ್ತೆ.

ಇದಕ್ಕೆಲ್ಲ ಮದ್ದಿಲ್ಲದೆ ಇಲ್ಲ. ಮಲ್ಲೇಶ್ವರದಲ್ಲೇ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. 1938ರಲ್ಲಿ ಪ್ರಯೋಗಾಲಯವಾಗಿ ಶುರುವಾಗಿ 1988ರಲ್ಲಿ ಸಂಸ್ಥೆಯಾದದ್ದು. ಮರ ಒಣಗಿಸೋದು, ಬೋರಾಕ್ಸ್ ಉಣಿಸಿ ಹುಳ ತಡೆಯೋದು ಎಲ್ಲ ತಿಳಿದ ವಿದ್ಯೆಯೇ. ಬೇಕಾದ್ದು ಬೀದಿಮರಕ್ಕೆಂದೇ ಒಂದು ಡಿಪೋ, ಒಂದು ಮೆಟಲ್ ಡಿಟೆಕ್ಟರ್, ಉದ್ದಕ್ಕೆ ಕೊಯ್ಯಿರಿ ಅನ್ನೋ ಒಂದು ಆದೇಶ.

ಒಣ ಮರದ ತೂಕದಲ್ಲಿ ಅರ್ಧದಷ್ಟು ಇಂಗಾಲ. ಸುಟ್ಟರೆ ಒಂದೇ ದಿನದಲ್ಲಿ ಗಾಳಿಗೆ. ಶಾಲೆಯ ಬೆಂಚಾದರೆ ಇನ್ನೊಂದು ತಲೆಮಾರು ನಮ್ಮ ಜೊತೆಗೇ. ಮರ ಉಳಿಸೋ ಹೋರಾಟಕ್ಕೆ ಇದು ಬದಲಿಯಲ್ಲ, ಹಲಗೆಯ ಆಸೆಗೆ ನಿಂತ ಮರ ಕಡಿಯೋ ಹಾಗೂ ಆಗಬಾರದು. ಆದರೆ ನೂರು ವರ್ಷ ನೆರಳು ಕೊಟ್ಟದ್ದನ್ನ ಒಂದೇ ಮಧ್ಯಾಹ್ನದಲ್ಲಿ ಸೌದೆ ಮಾಡೋದು ನ್ಯಾಯವಾ?

ನಿಮ್ಮ ಬೀದಿಯಲ್ಲಿ ಹೋದ ಮಳೆಗಾಲ ಬಿದ್ದ ಮರ ಏನಾಯ್ತು? ಗೊತ್ತಿದ್ದರೆ ಬರೀರಿ.