ಅರ್ಧ ವೇಗದ ಶಾಫ್ಟು: ಬನಹಟ್ಟಿಯ ಮಗ್ಗ ಮತ್ತು ಹಿಡಿಯದ ಲಾರಿ

(ಆಡಿಯೋ ಸಂಚಿಕೆಯ ಬರಹ ರೂಪ)

ಇವತ್ತಿನ ಇತಿಹಾಸದ ಮಾತು ರಾಜರದ್ದಲ್ಲ, ಯುದ್ಧದ್ದೂ ಅಲ್ಲ. ಒಂದು ಕಬ್ಬಿಣದ ಶಾಫ್ಟಿನದು.

ಹೀಗೊಂದು ಸಂದರ್ಭ ಇಟ್ಟುಕೊಳ್ಳಿ. ಕಬ್ಬಿನ ಹಂಗಾಮು. ಬನಹಟ್ಟಿಯ ರಸ್ತೆ ಬದಿಯ ಗ್ಯಾರೇಜಿನಲ್ಲಿ ಆರು ಸಿಲಿಂಡರಿನ ಹಳೇ ಲಾರಿಯೊಂದು ನಿಂತಿದೆ. ಕ್ಯಾಮ್ ಶಾಫ್ಟ್ ಸವೆದಿತ್ತು, ಹೊಸದು ಹಾಕಿದ್ದಾರೆ. ಎಲ್ಲ ಕೂಡಿಸಿ, ಆಯಿಲ್ ತುಂಬಿ, ಸೆಲ್ಫ್ ಹೊಡೆದರೆ ಎಂಜಿನ್ ಗರಗರ ತಿರುಗುತ್ತದೆ, ಅಷ್ಟೇ. "ತಿರಗತೈತ್ರಿ, ಆದ್ರ ಹಿಡಿಯವಲ್ದು" ಅಂತಾರೆ ಮಿಸ್ತ್ರಿ. ಮಾಲೀಕರ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿದೆ. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತದೆ. ಕಬ್ಬು ಕಡಿಯುವ ಗ್ಯಾಂಗಿನವರು ಕೆಲಸವಿಲ್ಲದೆ ಕೂತಿದ್ದಾರೆ. ಸಾಲದ ಕಂತು ಮಾತ್ರ ಕೂರುವುದಿಲ್ಲ.

ಇಂಥ ಹೊತ್ತಲ್ಲಿ ಎಲ್ಲರ ಕಣ್ಣು ಮೊದಲು ಡೀಸೆಲ್ ಪಂಪಿನ ಮೇಲೆ ಬೀಳುತ್ತದೆ. ಬಿಚ್ಚಿ ದೊಡ್ಡ ಊರಿಗೆ ಕಳಿಸಿ, ಎರಡು ದಿನ ಕಾಯಿರಿ, ಸಾವಿರಾರು ರೂಪಾಯಿ ಕೊಡಿ. ಪಂಪು ಚೆನ್ನಾಗಿಯೇ ಇತ್ತು ಅಂತ ಆಮೇಲೆ ಗೊತ್ತಾಗುತ್ತದೆ. ಹಾಗಾದರೆ ತಪ್ಪು ಎಲ್ಲಿ? ಅದರ ಉತ್ತರ ಆ ಗ್ಯಾರೇಜಿನ ಹಿಂದಿನ ಓಣಿಯಲ್ಲೇ ದಿನವಿಡೀ ಸದ್ದು ಮಾಡುತ್ತಿರುತ್ತದೆ.

ರಬಕವಿ-ಬನಹಟ್ಟಿ ನೇಕಾರರ ಊರು. ಕೈಮಗ್ಗದಿಂದ ಪಾವರ್‌ಲೂಮಿಗೆ ಬಂದ ಊರು. ಮಾಮೂಲಿ ಲಾಳಿಯ ಪಾವರ್‌ಲೂಮಿನಲ್ಲಿ ಎರಡು ಮುಖ್ಯ ಶಾಫ್ಟುಗಳಿರುತ್ತವೆ. ಮೇಲಿನದು ಕ್ರ್ಯಾಂಕ್ ಶಾಫ್ಟ್. ಅದು ಒಂದು ಸುತ್ತು ಸುತ್ತಿದರೆ ಹಣಿಗೆ ಒಂದು ಸಲ ಬಡಿಯುತ್ತದೆ, ಅಂದರೆ ಒಂದು ಹೊಕ್ಕು ಕೂರುತ್ತದೆ. ಕೆಳಗಿನದು ಬಾಟಮ್ ಶಾಫ್ಟ್. ಕ್ರ್ಯಾಂಕ್ ಎರಡು ಸುತ್ತು ಸುತ್ತುವಾಗ ಇದು ಒಂದೇ ಸುತ್ತು. ಇದರ ಮೇಲೆ ಟ್ಯಾಪೆಟ್‌ಗಳು ಕೂತಿರುತ್ತವೆ. ಹಾಸಿನ ಎಳೆಗಳನ್ನು ಯಾವಾಗ ಮೇಲೆ-ಕೆಳಗೆ ಮಾಡಬೇಕು, ಲಾಳಿಯನ್ನು ಎಡದಿಂದ ಹೊಡೆಯಬೇಕೋ ಬಲದಿಂದಲೋ, ಎಲ್ಲ ತೀರ್ಮಾನ ಈ ಕೆಳಗಿನ ಶಾಫ್ಟಿನದು.

ಯಾಕೆ ಅರ್ಧ ವೇಗ? ಹಣಿಗೆಗೆ ಪ್ರತಿ ಸುತ್ತೂ ಒಂದೇ ಕೆಲಸ. ಆದರೆ ಲಾಳಿ ಒಮ್ಮೆ ಎಡದಿಂದ ಹೋದರೆ ಮುಂದಿನ ಸಲ ಬಲದಿಂದ ಬರಬೇಕು. ಎರಡು ಸುತ್ತಿಗೆ ಒಂದು ಆಟ ಪೂರ್ತಿ. ಹಾಗಾಗಿ ಕ್ರ್ಯಾಂಕನ್ನು ಮಾತ್ರ ನೋಡಿದರೆ ಮುಂದಿನ ಏಟು ಯಾವ ಕಡೆಯದು ಅಂತ ತಿಳಿಯುವುದೇ ಇಲ್ಲ. ಮಗ್ಗ ಶುರು ಮಾಡುವಾಗ ಲಾಳಿ ಎಡಗಡೆ ಇದ್ದು ಏಟು ಬಲಗಡೆ ಬಿದ್ದರೆ, ಖಾಲಿ ಪೆಟ್ಟಿಗೆಗೆ ಹೊಡೆದು ಮಗ್ಗ ಧಡಕ್ಕನೆ ನಿಲ್ಲುತ್ತದೆ. ಇದು ನೇಕಾರರ ಮನೆಯ ಹುಡುಗರಿಗೂ ಗೊತ್ತು. ಮಗ್ಗದ ಟೈಮಿಂಗ್ ಕೂಡಿಸುವ ಜಾಬರ್‌ಗಳಿಗಂತೂ ಅದೇ ಅನ್ನ.

ಈಗ ಈ ಉಬ್ಬುಗಾಲಿಯ ಹಳೇ ಕಥೆಗೆ ಬರೋಣ. ಸುತ್ತುವ ಶಾಫ್ಟಿಗೆ ಉಬ್ಬು ಕೂರಿಸಿ, ಬೇಕಾದ ಗಳಿಗೆಗೆ ಬೇಕಾದ ಸನ್ನೆಯನ್ನು ಎತ್ತಿಸುವ ಉಪಾಯ ಬಹಳ ಹಿಂದಿನದು. ಈಗಿನ ಟರ್ಕಿಯ ದಿಯಾರ್‌ಬಕೀರ್‌ನಲ್ಲಿದ್ದ ಅಲ್-ಜಝಾರಿ 1206ರಲ್ಲಿ ಮುಗಿಸಿದ ಯಂತ್ರಗಳ ಪುಸ್ತಕದಲ್ಲಿ ಅದು ಬರುತ್ತದೆ. ಇಂಗ್ಲೆಂಡಿನಲ್ಲಿ ಎಡ್ಮಂಡ್ ಕಾರ್ಟ್‌ರೈಟ್ 1785ರಲ್ಲಿ ಯಂತ್ರಮಗ್ಗಕ್ಕೆ ಪೇಟೆಂಟ್ ಪಡೆದರು. 1842ರಲ್ಲಿ ಕೆನ್‌ವರ್ದಿ ಮತ್ತು ಬುಲೊ ರೂಪಿಸಿದ ಲ್ಯಾಂಕಾಶೈರ್ ಮಗ್ಗ ಮುಂದೆ ಎಷ್ಟೋ ದೇಶಗಳ ಹತ್ತಿಬಟ್ಟೆ ನೇಯ್ದಿತು.

ಎಂಜಿನ್ ಆಮೇಲೆ ಬಂತು. ಜರ್ಮನಿಯ ನಿಕೊಲಾಸ್ ಒಟ್ಟೊ 1876ರಲ್ಲಿ ನಾಲ್ಕು ಹೊಡೆತದ ಎಂಜಿನ್ ಓಡಿಸಿ ತೋರಿಸಿದರು. ಗಾಳಿ ಎಳೆದುಕೋ, ಒತ್ತು, ಉರಿಸು, ಹೊಗೆ ಬಿಡು. ಈ ನಾಲ್ಕು ಕೆಲಸಕ್ಕೆ ಕ್ರ್ಯಾಂಕ್ ಎರಡು ಸುತ್ತು ಬೇಕು. ಹಾಗಾಗಿ ಬಾಗಿಲು ತೆರೆದು ಮುಚ್ಚುವ ಶಾಫ್ಟು ಇಲ್ಲಿಯೂ ಅರ್ಧ ವೇಗದ್ದೇ ಆಗಬೇಕಾಯಿತು. ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಕಿಡಿಯೇ ಇಲ್ಲದ ಎಂಜಿನ್ ಯಶಸ್ವಿಯಾಗಿ ಓಡಿಸಿದರು. ಗಾಳಿಯನ್ನು ಒತ್ತಿ ಒತ್ತಿ ಕಾಯಿಸುವುದು, ಆ ಬಿಸಿಗೆ ಎಣ್ಣೆ ಚಿಮ್ಮಿಸುವುದು, ಬೆಂಕಿ ತಾನೇ ಹತ್ತುತ್ತದೆ.

ನಮ್ಮ ಕಡೆ ಎಂಜಿನ್ ಕಟ್ಟುವ ಕೈಗಾರಿಕೆಯಲ್ಲಿ ದೊಡ್ಡ ಹೆಸರು ಕಿರ್ಲೋಸ್ಕರರದ್ದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುವಾಯಿತು. ಲಾರಿಯ ಕಥೆ ತಿರುಗಿದ್ದು 1954ರಲ್ಲಿ. ಟೆಲ್ಕೊ ಕಂಪನಿ ಡೈಮ್ಲರ್-ಬೆಂಜ್ ಜೊತೆ 15 ವರ್ಷದ ಒಪ್ಪಂದ ಮಾಡಿಕೊಂಡು ಜಮ್ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿತು. 1969ರಲ್ಲಿ ಒಪ್ಪಂದ ಮುಗಿದು, ಮೂತಿಯ ಮೇಲಿನ ಮೂರು ಮೂಲೆಯ ನಕ್ಷತ್ರ ಹೋಗಿ ಟಾಟಾದ ಗುರುತು ಬಂತು.

ಇಲ್ಲೊಂದು ವ್ಯತ್ಯಾಸ ಗಮನಿಸಿ. ಹೊಲದ ಬಾವಿಯ ಮೇಲಿನ ಒಂಟಿ ಸಿಲಿಂಡರ್ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಡೀಸೆಲ್ ಪಂಪನ್ನು ಒತ್ತುವುದು ಅದೇ ಕ್ಯಾಮ್ ಶಾಫ್ಟಿನ ಇನ್ನೊಂದು ಉಬ್ಬು. ಕ್ಯಾಮ್ ಮತ್ತು ಪಂಪು ಒಂದೇ ಮೈ. ಆರು ಸಿಲಿಂಡರಿನ ಲಾರಿಯಲ್ಲಿ ಪಂಪು ಬೇರೆ, ಅದಕ್ಕೊಂದು ಸ್ವಂತ ಶಾಫ್ಟು, ಗೇರಿನ ಮೂಲಕ ಓಟ. ಹೊಲದ ಎಂಜಿನ್ ಕಲಿಸಿದ ಕೈ ಲಾರಿಯಲ್ಲಿ ತಪ್ಪುವುದು ಇಲ್ಲೇ.

ಈಗ ಗ್ಯಾರೇಜಿಗೆ ವಾಪಸ್ ಬರೋಣ. ಮೊದಲು ಕಿವಿ. ಸೆಲ್ಫ್ ಹೊಡೆದಾಗ ಎಂಜಿನ್ ತೂಕವೇ ಇಲ್ಲದಂತೆ ಹಗುರವಾಗಿ ತಿರುಗಿದರೆ ಕಂಪ್ರೆಷನ್ ಇಲ್ಲ ಅಂತ ಅರ್ಥ. ಟ್ಯಾಪೆಟ್ ಸಂದು ತೀರಾ ಬಿಗಿಯಾಗಿ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ, ಇಲ್ಲವೆ ಕ್ಯಾಮಿನ ಗೇರು ಹಲ್ಲು ತಪ್ಪಿ ಕೂತಿದೆ. ಒಂದು ಹಲ್ಲು ತಾನೇ ಅನ್ನಬೇಡಿ. ಕ್ರ್ಯಾಂಕಿನ ಗೇರಿಗೆ 24 ಹಲ್ಲಿದ್ದರೆ ಒಂದು ಹಲ್ಲು ಅಂದರೆ 15 ಡಿಗ್ರಿ. ಇನ್ನೂ ಹೆಚ್ಚು ತಪ್ಪಿದ್ದರೆ ಪಿಸ್ಟನ್ ಬಂದು ವಾಲ್ವಿಗೆ ಬಡಿಯಬಹುದು. ಆದ್ದರಿಂದ ಸೆಲ್ಫ್ ಮುಟ್ಟುವ ಮೊದಲು ರಾಡ್ ಹಾಕಿ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಎಲ್ಲಾದರೂ ಗಟ್ಟಿಯಾಗಿ ಸಿಕ್ಕಿಕೊಂಡರೆ ಅಲ್ಲೇ ನಿಲ್ಲಿಸಬೇಕು, ಜೋರು ಮಾಡಬಾರದು.

ಆಮೇಲೆ ಕಣ್ಣು. ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಲ್ಲಿ ಹೊಗೆಯೇ ಇಲ್ಲದಿದ್ದರೆ ಎಣ್ಣೆ ಒಳಗೆ ಹೋಗುತ್ತಿಲ್ಲ. ಪೈಪಿನಲ್ಲಿ ಗಾಳಿ ಸೇರಿರಬೇಕು, ಏರ್ ತೆಗೆಯಿರಿ. ಕಂಪ್ರೆಷನ್ ಚೆನ್ನಾಗಿದೆ, ಬಿಳಿ ಹೊಗೆ, ಹಸಿ ಡೀಸೆಲ್ ವಾಸನೆ ಬರುತ್ತಿದೆ, ಆದರೂ ಹಿಡಿಯುತ್ತಿಲ್ಲ ಅಂದರೆ ಎಣ್ಣೆ ಹೋಗುತ್ತಿದೆ, ಹೊತ್ತಲ್ಲದ ಹೊತ್ತಿಗೆ ಹೋಗುತ್ತಿದೆ.

ಇದೇ ಮಗ್ಗದ ಪಾಠ. ಒಂದನೇ ಪಿಸ್ಟನ್ ಎರಡು ಸುತ್ತಿನಲ್ಲಿ ಎರಡು ಸಲ ತುದಿಗೆ ಬರುತ್ತದೆ. ಒಮ್ಮೆ ಗಾಳಿ ಒತ್ತಿ, ಇನ್ನೊಮ್ಮೆ ಹೊಗೆ ಬಿಟ್ಟು. ಫ್ಲೈವೀಲಿನ ಗುರುತು ಎರಡೂ ಸಲ ಸರಿಯಾಗಿಯೇ ಕಾಣುತ್ತದೆ. ಅದೊಂದನ್ನೇ ನಂಬಿ ಪಂಪು ಕೂಡಿಸಿದರೆ ತಪ್ಪುವ ಸಾಧ್ಯತೆ ಅರ್ಧಕ್ಕರ್ಧ. ಲಾಳಿ ಎಡಕ್ಕೆ, ಏಟು ಬಲಕ್ಕೆ.

ಪತ್ತೆ ಹಚ್ಚಲು ಯಂತ್ರ ಬೇಡ, ಸ್ಪ್ಯಾನರ್ ಸಾಕು. ಈ ಎಂಜಿನ್ನಿನಲ್ಲಿ ಉರಿಯುವ ಸರದಿ 1-5-3-6-2-4. ಒಂದು ಮತ್ತು ಆರನೇ ಪಿಸ್ಟನ್ ಜೋಡಿಯಾಗಿ ಮೇಲೇರುತ್ತವೆ. ಮುಚ್ಚಳ ತೆಗೆದು ಆರನೇ ಸಿಲಿಂಡರಿನ ರಾಕರ್‌ಗಳನ್ನು ನೋಡುತ್ತಾ ನಿಧಾನ ತಿರುಗಿಸಿ. ಒಂದು ವಾಲ್ವ್ ಮುಚ್ಚುತ್ತಾ, ಇನ್ನೊಂದು ತೆರೆಯುತ್ತಾ ತಕ್ಕಡಿಯಂತೆ ತೂಗುವ ಗಳಿಗೆ ಬರುತ್ತದೆ. ಆಗ ಒಂದನೇ ಸಿಲಿಂಡರಿನ ಎರಡೂ ರಾಕರ್ ಸಡಿಲವಾಗಿದ್ದರೆ ಅದು ಗಾಳಿ ಒತ್ತಿದ ತುದಿ. ಅಲ್ಲಿಂದ ಸ್ವಲ್ಪ ಹಿಂದಕ್ಕೆ, ಕಂಪನಿ ಹೇಳಿದಷ್ಟು ಡಿಗ್ರಿಗೆ, ಪಂಪು ಒಂದನೇ ಸಿಲಿಂಡರಿಗೆ ಎಣ್ಣೆ ಬಿಡಲು ಶುರು ಮಾಡಬೇಕು. ಆರನೆಯದಕ್ಕೆ ಬಿಡುತ್ತಿದ್ದರೆ ಪಂಪು ಕೆಟ್ಟಿಲ್ಲ. ಪಂಪಿನ ಶಾಫ್ಟು ಅರ್ಧ ಸುತ್ತು ತಪ್ಪಿದೆ, ಅಷ್ಟೇ. ತಿರುಗಿಸಿ ಕೂಡಿಸಿ, ಏರ್ ತೆಗೆದರೆ ಗಾಡಿ ಹಿಡಿಯುತ್ತದೆ.

ಈ ವಿದ್ಯೆ ಹೆಚ್ಚಾಗಿ ಕೈಯಿಂದ ಕೈಗೆ ಬಂದದ್ದು. ಈಗ ಹೊಸ ಲಾರಿಗಳಲ್ಲಿ ಎಣ್ಣೆ ಚಿಮ್ಮಿಸುವ ಗಳಿಗೆಯನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ಲಾಳಿಯೇ ಇಲ್ಲದ ಮಗ್ಗಗಳೂ ಬಂದಿವೆ. ಹಾಗಂತ ಲೆಕ್ಕ ಬದಲಾಗಿಲ್ಲ. ಆ ಕಂಪ್ಯೂಟರಿಗೂ ಕ್ಯಾಮಿನ ಬಳಿ ಒಂದು ಸೆನ್ಸರ್ ಇಟ್ಟಿರುತ್ತಾರೆ, ಕ್ರ್ಯಾಂಕ್ ಒಂದನ್ನೇ ಕೇಳಿದರೆ ಇದು ಯಾವ ಸುತ್ತು ಅಂತ ಅದಕ್ಕೂ ತಿಳಿಯುವುದಿಲ್ಲ.

ಹಾಗಾಗಿ ಮುಂದಿನ ಸಲ ಗಾಡಿ ಹಿಡಿಯದೆ ನಿಂತರೆ ಪಂಪು ಬಿಚ್ಚುವ ಮೊದಲು ಆರನೇ ಸಿಲಿಂಡರ್ ನೋಡಿ. ತಿಳಿಯದಿದ್ದರೆ ಹಿಂದಿನ ಓಣಿಯ ಜಾಬರ್ ಒಬ್ಬರನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.