ತಿದಿವಾದ್ಯದ ಸಂಜೆಗಳು

ಸಂಗೀತದ ಇತಿಹಾಸವನ್ನು ಬರೆಯುವ ಪಂಡಿತರು ಬಹುಮಟ್ಟಿಗೆ ಆಸ್ಥಾನಗಳನ್ನೂ ದೇವಾಲಯಗಳನ್ನೂ ಮಹಾವಿದ್ವಾಂಸರನ್ನೂ ಕುರಿತು ಬರೆಯುತ್ತಾರೆ. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ದಿನವೆಲ್ಲ ದುಡಿದು ದಣಿದ ಸಾಮಾನ್ಯ ಜನರು ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಒಂದೆಡೆ ಸೇರಿ, ಬಾರಿಸಿ, ಕೇಳಿ, ಕುಣಿದು, ಚಹ ಕುಡಿದು ಮನೆಗೆ ಹೋದ ಸಂಜೆಗಳಿಗೂ ಒಂದು ಇತಿಹಾಸವುಂಟು. ಶ್ರೋತೃಗಳ ಮುಂದೆ ನಾವು ಇಂದು ಇಡಹೊರಟಿರುವುದು ಅಂಥ ಸಂಜೆಗಳ ವಿಷಯ. ಅವುಗಳ ನಟ್ಟನಡುವೆ ಕುಳಿತ ಅಕಾರ್ಡಿಯನ್ ಎಂಬ ವಾದ್ಯದ ವಿಷಯ.

ಈ ವಾದ್ಯವನ್ನು ಕಾಣದವರಿಗೆ ಹೀಗೆ ವಿವರಿಸಬಹುದು. ನಮ್ಮ ಹಾರ್ಮೋನಿಯಂ ಪೆಟ್ಟಿಗೆಯನ್ನು ನೆಲದಿಂದೆತ್ತಿ, ಚರ್ಮದ ಪಟ್ಟಿಗಳಿಂದ ಭುಜಕ್ಕೆ ತಗುಲಿಹಾಕಿ, ಅದರ ತಿದಿಯನ್ನು ಎದೆಯ ಮುಂದೆ ಎರಡು ಕೈಗಳ ನಡುವೆ ಎಳೆದು ಒತ್ತುವಂತೆ ಮಾಡಿದರೆ ಏನಾಗುವುದೋ ಅದೇ ಅಕಾರ್ಡಿಯನ್. ಬಲಗೈ ಹಾಡನ್ನು ನುಡಿಸುತ್ತದೆ. ಎಡಗೈ ಗುಂಡಿಗಳನ್ನೊತ್ತಿ ಮಂದ್ರವನ್ನೂ ತಾಳದ ಪೆಟ್ಟನ್ನೂ ಕೊಡುತ್ತದೆ. ಒಬ್ಬನೇ ಮನುಷ್ಯ ಒಂದು ಚಿಕ್ಕ ಮೇಳವಾಗುತ್ತಾನೆ. ಆದರೆ ವಾದ್ಯದ ಜೀವವಿರುವುದು ತಿದಿಯಲ್ಲಲ್ಲ. ಒಳಗೆ ಸಾಲಾಗಿ ಜೋಡಿಸಿರುವ ಲೋಹದ ನಾಲಗೆಗಳಲ್ಲಿ. ಒಂದು ತುದಿಯಲ್ಲಿ ಮಾತ್ರ ಬಿಗಿದ ಈ ತೆಳುವಾದ ನಾಲಗೆಯ ಮೇಲೆ ಗಾಳಿ ಹಾಯ್ದಾಗ ಅದು ತನ್ನ ಕಂಡಿಯಲ್ಲಿ ಅತ್ತಿತ್ತ ಮಿಡಿದು ನಾದ ಹುಟ್ಟುತ್ತದೆ. ನಮ್ಮ ಶ್ರುತಿಪೆಟ್ಟಿಗೆಯೂ ನುಡಿಯುವುದು ಹೀಗೆಯೇ. ಈ ಉಪಾಯವನ್ನು ಮೊದಲು ಕಂಡವರು ಏಷ್ಯದವರು. ಚೀನದ ಷೆಂಗ್ ಎಂಬ ಬಾಯಿವಾದ್ಯದಲ್ಲಿ ಇದುಂಟು. ಕ್ರಿಸ್ತಪೂರ್ವ 5ನೆಯ ಶತಮಾನದ ಸಾಮಂತನೊಬ್ಬನ ಸಮಾಧಿಯನ್ನು 1978ರಲ್ಲಿ ಅಗೆದಾಗ ಅಂಥ ವಾದ್ಯಗಳು ದೊರೆತುವು. ಯೂರೋಪಿನವರಿಗೆ ಇದರ ಹುಚ್ಚು ಹತ್ತಿದ್ದು 18ನೆಯ ಶತಮಾನದ ಕೊನೆಯಲ್ಲಿ.

1829ನೆಯ ಇಸವಿಯ ಮೇ ತಿಂಗಳಿನಲ್ಲಿ ವಿಯೆನ್ನಾ ನಗರದ ಸಿರಿಲ್ ಡೆಮಿಯಾನ್ ಎಂಬ ವಾದ್ಯತಯಾರಕನು ತನ್ನ ಇಬ್ಬರು ಮಕ್ಕಳೊಡನೆ ಒಂದು ಹೊಸ ವಾದ್ಯಕ್ಕೆ ಸರಕಾರದ ಹಕ್ಕುಪತ್ರ ಪಡೆದನು. ಅರ್ಮೇನಿಯ ಮೂಲದ ಈತನ ವಾದ್ಯಕ್ಕೆ ಇದ್ದುದು ಐದೇ ಮನೆಗಳು. ಒಂದೊಂದನ್ನು ಒತ್ತಿದಾಗಲೂ ಕೇಳಿಸುತ್ತಿದ್ದುದು ಒಂಟಿ ಸ್ವರವಲ್ಲ, ಹೊಂದಿಕೆಯಾದ ಸ್ವರಗಳ ಗೊಂಚಲು. ತಿದಿಯನ್ನು ಎಳೆದಾಗ ಒಂದು, ಒತ್ತಿದಾಗ ಇನ್ನೊಂದು. ಅಂಥ ಗೊಂಚಲಿಗೆ ಜರ್ಮನ್ ಭಾಷೆಯಲ್ಲಿ ಅಕ್ಕೋರ್ಡ್ ಎಂದು ಹೆಸರು; ವಾದ್ಯದ ಹೆಸರು ಅದರಿಂದ ಬಂತು. ಅದೇ ವರ್ಷದ ಜೂನಿನಲ್ಲಿ ಲಂಡನ್ನಿನ ಚಾರ್ಲ್ಸ್ ವೀಟ್‌ಸ್ಟನ್ನನು ಇದೇ ಜಾತಿಯ ಇನ್ನೊಂದು ವಾದ್ಯಕ್ಕೆ ಹಕ್ಕು ಪಡೆದನು; ಕನ್ಸರ್ಟೀನಾ ಎಂಬುದು ಅದರ ಸಂತತಿ. ನಮ್ಮ ಕಾಲೇಜುಗಳ ಭೌತಶಾಸ್ತ್ರದ ವಿದ್ಯಾರ್ಥಿಗಳು ವೀಟ್‌ಸ್ಟನ್ ಬ್ರಿಜ್ಜನ್ನು ಬಲ್ಲರು; ಆ ಮಹನೀಯನೇ ಈ ಮಹನೀಯ. ಪ್ರಯೋಗಶಾಲೆಯಲ್ಲಿ ಆ ಬ್ರಿಜ್ಜಿನ ಮುಂದೆ ತಲೆ ಕೆರೆದುಕೊಳ್ಳುವವರಿಗೆ ಇದು ಸಮಾಧಾನ ತರಬಹುದು.

ಮುಂದೆ ಕಾರ್ಖಾನೆಗಳು ಎದ್ದುವು. ಇಟಲಿಯ ಕಾಸ್ತೆಲ್‌ಫಿದಾರ್ದೊ, ಜರ್ಮನಿಯ ಟ್ರೋಸಿಂಗೆನ್ ಎಂಬ ಸಣ್ಣ ಊರುಗಳು ತಿದಿವಾದ್ಯದಿಂದಲೇ ಜಗತ್ತಿಗೆ ಪರಿಚಿತವಾದುವು. ಪಿಯಾನೋ ಕೊಳ್ಳಲಾರದವನು ಅಕಾರ್ಡಿಯನ್ ಕೊಳ್ಳಬಲ್ಲವನಾದನು. ಪಿಟೀಲಿನಂತೆ ಬಾರಿಬಾರಿಗೂ ಶ್ರುತಿ ಮಾಡಬೇಕಾಗಿಲ್ಲ. ನೂರು ಜನರ ಹೆಜ್ಜೆಯ ಸದ್ದನ್ನು ಮೀರಿ ಕೇಳಿಸುವಷ್ಟು ದನಿಯುಂಟು. ಹೆಗಲ ಮೇಲೆ ಹಾಕಿಕೊಂಡು ಎಷ್ಟು ಮೈಲಿಯಾದರೂ ನಡೆಯಬಹುದು. ಈ ಗುಣಗಳಿಂದಲೇ ಪಂಡಿತವರ್ಗದ ತಿರಸ್ಕಾರಕ್ಕೂ ಅದು ಪಾತ್ರವಾಯಿತು. ಅಗ್ಗದ್ದು, ಗಟ್ಟಿಯಾದದ್ದು, ಸುಲಭವಾದದ್ದು ಶ್ರೇಷ್ಠವಾಗುವುದೆಂತು ಎಂಬ ತರ್ಕ ಎಲ್ಲ ದೇಶಗಳಲ್ಲಿಯೂ ಒಂದೇ.

ಜನರೂ ಇದನ್ನು ಎಲ್ಲೆಡೆ ಕೂಡಲೆ ಒಪ್ಪಿಕೊಳ್ಳಲಿಲ್ಲ. ಪ್ಯಾರಿಸ್ ನಗರದ ಬಾಸ್ಟೀಲ್ ಚೌಕದ ಹತ್ತಿರ ಲಾಪ್ ಬೀದಿ ಎಂಬುದೊಂದುಂಟು. 19ನೆಯ ಶತಮಾನದಲ್ಲಿ ಓವೆರ್ನ್ ಎಂಬ ಗುಡ್ಡಗಾಡಿನಿಂದ ಹೊಟ್ಟೆಪಾಡಿಗಾಗಿ ಬಂದವರು ಅಲ್ಲಿ ಕಲ್ಲಿದ್ದಲನ್ನೂ ದ್ರಾಕ್ಷಾಮದ್ಯವನ್ನೂ ಮಾರುತ್ತಿದ್ದರು; ರಾತ್ರಿಯಾದರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ತಮ್ಮ ಊರಿನ ಚೀಲದ ಕೊಳಲನ್ನು ಊದಿ ಊರಿನ ಕುಣಿತವನ್ನೇ ಕುಣಿಯುತ್ತಿದ್ದರು. ಪರಸ್ಥಳದಲ್ಲಿ ಊರನ್ನು ಕಟ್ಟಿಕೊಳ್ಳುವ ಬಗೆ ಅದು. ಅಷ್ಟರಲ್ಲಿ ಇಟಲಿಯವರು ಅಕಾರ್ಡಿಯನ್ ಹೊತ್ತು ಅದೇ ಬೀದಿಗಳಿಗೆ ಬಂದರು. ಎರಡು ಪಂಗಡಗಳಿಗೂ ಸರಿಬೀಳಲಿಲ್ಲ. ಕಡೆಗೆ ಕೊಳಲಿನ ಪ್ರಸಿದ್ಧ ವಾದಕ ಬುಸ್ಕಾತೆಲ್ ಎಂಬಾತನು ಇಟಲಿಯ ವಾದ್ಯತಯಾರಕನೊಬ್ಬನ ಮಗ ಶಾರ್ಲ್ ಪೆಗೂರಿಯನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡನು. ಪೆಗೂರಿ ಆತನ ಮಗಳನ್ನೂ ಮದುವೆಯಾದನು. ಕೆಲವು ವರ್ಷಗಳಲ್ಲಿ ಕೊಳಲು ಹಿಂದೆ ಸರಿದು ಅಕಾರ್ಡಿಯನ್ನೇ ನಿಂತಿತು. ಆದರೆ ಆ ನೃತ್ಯಕೂಟಗಳಿಗೆ ಹಳೆಯ ಕೊಳಲಿನ ಹೆಸರೇ ಉಳಿಯಿತು: ಮ್ಯುಜೆಟ್. ಆ ಶಾಲೆಗಳಲ್ಲಿ ವಾದಕನು ಏಣಿ ಹತ್ತಿ ಒಂದು ಅಟ್ಟಣೆಯ ಮೇಲೆ ಕುಳಿತು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ತಾಳ ಹಾಕುತ್ತ ನುಡಿಸುತ್ತಿದ್ದನು. ಪ್ರತಿಯೊಂದು ಕುಣಿತದ ನಡುವೆ ಸಂಗೀತ ನಿಲ್ಲುವುದು, ಯಜಮಾನನು ಕಾಸು ಕೊಡಿರೆಂದು ಕೂಗುವನು, ಜೋಡಿಗಳು ಬಿಲ್ಲೆ ಕೊಟ್ಟ ಮೇಲೆ ಕುಣಿತ ಮುಂದುವರಿಯುವುದು. ನಮ್ಮ ಸಭಾಗಳ ಕಾರ್ಯದರ್ಶಿಗಳು ಈ ಪದ್ಧತಿಯನ್ನು ಕೇಳಿ ನಿಟ್ಟುಸಿರು ಬಿಟ್ಟಾರು.

ಪ್ಯಾರಿಸ್ಸಿನದು ವ್ಯಾಪಾರದ ಸಂಜೆ. ನಮ್ಮ ಮನಸ್ಸಿಗೆ ಹೆಚ್ಚು ಹಿಡಿದದ್ದು ಸ್ಕಾಟ್ಲೆಂಡಿನ ಅಕಾರ್ಡಿಯನ್ ಸಂಘಗಳ ಸಂಜೆ. ಅದನ್ನು ಅರಿಯಬೇಕಾದರೆ ಜಿಮ್ಮಿ ಶಾಂಡ್ ಎಂಬಾತನ ಬಾಳನ್ನು ಸ್ವಲ್ಪ ನೋಡಬೇಕು. ಆತನು 1908ರಲ್ಲಿ ಫೈಫ್ ಪ್ರಾಂತ್ಯದ ಈಸ್ಟ್ ವೀಮ್ಸ್ ಎಂಬ ಗಣಿಯ ಹಳ್ಳಿಯಲ್ಲಿ ಹುಟ್ಟಿದನು. ತಂದೆ ಮೊದಲು ಉಳುವವನು, ಆಮೇಲೆ ಗಣಿಯ ಕೂಲಿ. ಬಿಡುವಿನಲ್ಲಿ ಮೆಲೋಡಿಯನ್ ಎಂಬ ಚಿಕ್ಕ ತಿದಿವಾದ್ಯ ನುಡಿಸುತ್ತಿದ್ದನು. ಮಗನೂ 14ನೆಯ ವಯಸ್ಸಿಗೆ ಗಣಿಗಿಳಿದನು. 1926ರ ಮಹಾಮುಷ್ಕರದಲ್ಲಿ ಕೂಲಿಗಳ ಸಹಾಯಾರ್ಥವಾಗಿ ನಡೆದ ಕೂಟಗಳಲ್ಲಿ ಆತನು ವಾದ್ಯ ನುಡಿಸಿದನು; ಮುಷ್ಕರ ಮುಗಿದ ಮೇಲೆ ಆತನಿಗೆ ಗಣಿಯ ಬಾಗಿಲು ಮುಚ್ಚಿತು. ಮುಂದೊಮ್ಮೆ ಡಂಡೀ ನಗರದ ವಾದ್ಯದಂಗಡಿಯ ಮುಂದೆ ಗೆಳೆಯನೊಡನೆ ನಿಂತಿದ್ದಾಗ, ನುಡಿಸಿ ನೋಡಿದರೆ ದುಡ್ಡೇನೂ ಕೇಳರೆಂದು ಗೆಳೆಯ ಒಳಗೆ ತಳ್ಳಿದನಂತೆ. ಅಂಗಡಿಯವನು ಕೇಳಿ, ಕೂಡಲೆ ಊರೂರು ತಿರುಗಿ ವಾದ್ಯ ಮಾರುವ ಮತ್ತು ಬಾಕಿ ವಸೂಲು ಮಾಡುವ ಕೆಲಸ ಕೊಟ್ಟನು. ಬಾಕಿ ಕೇಳಲು ಬಂದವನನ್ನು ಜನ ನಗುಮುಖದಿಂದ ಬರಮಾಡಿಕೊಂಡ ನಿದರ್ಶನ ಚರಿತ್ರೆಯಲ್ಲಿ ಇದೊಂದೇ ಇರಬಹುದು.

1933ರಲ್ಲಿ ಆತನ ಮೊದಲ ಗ್ರಾಮಫೋನ್ ತಟ್ಟೆಗಳು ಬಂದುವು. ಬಿ.ಬಿ.ಸಿ.ಯವರು ಮಾತ್ರ ಆತನನ್ನು ಪರೀಕ್ಷಿಸಿ ಬೇಡವೆಂದರು. ಕಾರಣವಾದರೂ ಏನು? ನುಡಿಸುವಾಗ ಕಾಲಿನಿಂದ ತಾಳ ಹಾಕುತ್ತಾನೆ! ನಮ್ಮಲ್ಲಿ ತೊಡೆ ತಟ್ಟದ ಗಾಯಕನೇ ಅಪರೂಪ. ಕುಣಿತಕ್ಕೆಂದೇ ಹುಟ್ಟಿದ ಸಂಗೀತದಲ್ಲಿ ವಾದಕನ ಕಾಲು ಸುಮ್ಮನಿರಬೇಕೆಂಬ ನಿಯಮವನ್ನು ಮಾಡಿದ ಅಧಿಕಾರಿ ಒಮ್ಮೆಯಾದರೂ ಕುಣಿದಿದ್ದನೋ ಇಲ್ಲವೋ. ಆದರೆ ರೇಡಿಯೋ ಬಹುಕಾಲ ಹಟ ಹಿಡಿಯಲಿಲ್ಲ. 1945ರ ಹೊಸವರ್ಷದ ದಿನ ಜಿಮ್ಮಿ ಶಾಂಡನ ಮೇಳ ಪ್ರಸಾರವಾಯಿತು. ಅಲ್ಲಿಂದ ಮುಂದೆ ಸ್ಕಾಟಿಷ್ ನೃತ್ಯಸಂಗೀತವೆಂದರೆ ಅಕಾರ್ಡಿಯನ್, ಪಿಟೀಲು, ಪಿಯಾನೋ, ಡೋಲು ಎಂಬ ಒಂದು ಮಾದರಿ ಮನೆಮನೆಗೂ ತಿಳಿಯಿತು. ಟ್ರೋಸಿಂಗೆನ್ನಿನ ಹೋನರ್ ಕಾರ್ಖಾನೆಯವರು ಆತನ ಸೂಚನೆಯಂತೆ ಒಂದು ವಾದ್ಯವನ್ನೇ ಮಾಡಿ ಅದಕ್ಕೆ ಆತನ ಹೆಸರಿಟ್ಟರು. ಆತನ ‘ಬ್ಲೂಬೆಲ್ ಪೋಲ್ಕಾ’ 1955ರಲ್ಲಿ ಬ್ರಿಟನ್ನಿನ ಜನಪ್ರಿಯ ಗೀತಗಳ ಪಟ್ಟಿಯನ್ನು ಏರಿತು. ಗಣಿಯ ಕೂಲಿ 1999ರಲ್ಲಿ ಸರ್ ಜಿಮ್ಮಿಯಾಗಿ, ಮರುವರ್ಷ ಕಾಲವಾದನು.

ಆದರೂ 1960ರ ದಶಕದಲ್ಲಿ ಗಾಳಿ ತಿರುಗಿತು. ಯುವಕರು ವಿದ್ಯುತ್ ಗಿಟಾರಿನ ಕಡೆ ಹೊರಟರು. ಊರೂರಿನ ನೃತ್ಯಶಾಲೆಗಳು ಬರಿದಾದುವು. ದೂರದರ್ಶನದಲ್ಲಿ 1958ರಿಂದ ಹತ್ತು ವರ್ಷ ನಡೆದ ‘ವೈಟ್ ಹೆದರ್ ಕ್ಲಬ್’ ಎಂಬ ಕಾರ್ಯಕ್ರಮ ಇಂಥ ಸಂಗೀತಕ್ಕೆ ಬಹು ದೊಡ್ಡ ಶ್ರೋತೃವರ್ಗವನ್ನು ಒದಗಿಸಿತ್ತು. ಅದೂ 1968ರಲ್ಲಿ ನಿಂತಿತು. ಹೀಗೆ ದೊಡ್ಡ ವೇದಿಕೆಗಳು ಮುಚ್ಚುತ್ತ ಬಂದ ಕಾಲದಲ್ಲಿಯೇ ಅಕಾರ್ಡಿಯನ್ ಮತ್ತು ಪಿಟೀಲಿನ ಸಂಘಗಳು ಸ್ಕಾಟ್ಲೆಂಡಿನ ಚಿಕ್ಕ ಚಿಕ್ಕ ಊರುಗಳಲ್ಲಿ ಹರಡಿದುವು. ಅವು ಒಂದು ರಾಷ್ಟ್ರೀಯ ಒಕ್ಕೂಟವನ್ನೂ ರಚಿಸಿಕೊಂಡು, ‘ಬಾಕ್ಸ್ ಅಂಡ್ ಫಿಡ್ಲ್’ ಎಂಬ ಪತ್ರಿಕೆಯನ್ನು ಹೊರಡಿಸಿದುವು.

ಅಂಥದೊಂದು ಸಂಜೆ ಹೇಗಿರುತ್ತದೆ? ಸಾಮಾನ್ಯವಾಗಿ ಶರತ್ಕಾಲದಿಂದ ವಸಂತದವರೆಗೆ, ತಿಂಗಳಿಗೊಮ್ಮೆ. ಸ್ಥಳ ಹೋಟೆಲೊಂದರ ಹಿಂದಿನ ಹಜಾರವೋ ಊರಿನ ಸಭಾಗೃಹವೋ ಆಗಿರುತ್ತದೆ. ಮೊದಲು ಸಂಘದ ಸದಸ್ಯರೇ ಸರದಿಯಂತೆ ವೇದಿಕೆ ಹತ್ತುತ್ತಾರೆ. ರೈತ, ಲಾರಿ ನಡೆಸುವವ, ಉಪಾಧ್ಯಾಯಿನಿ, ಹತ್ತು ಹನ್ನೆರಡು ವರ್ಷದ ಹುಡುಗಿ, ಎಪ್ಪತ್ತು ದಾಟಿದ ಮುದುಕ, ಯಾರು ಬೇಕಾದರೂ ಆಗಬಹುದು. ಮೊದಲು ನಡಿಗೆಯ ಗತಿಯ ಮಾರ್ಚ್, ಆಮೇಲೆ ತಡೆತಡೆದು ಹೆಜ್ಜೆಯಿಡುವ ಸ್ಟ್ರಾತ್‌ಸ್ಪೇ, ಕೊನೆಗೆ ಓಡುವ ರೀಲ್. ಒಂದರಿಂದೊಂದಕ್ಕೆ ನಿಲ್ಲದೆ ಏರುವ ಈ ಕ್ರಮ ನಮ್ಮ ಕಾಲಪ್ರಮಾಣಗಳ ಏರಿಕೆಯನ್ನು ನೆನಪಿಗೆ ತರುತ್ತದೆ. ಆಮೇಲೆ ಬೇರೊಂದು ಊರಿನಿಂದ ಕರೆಸಿದ ಅತಿಥಿಯ ಕಛೇರಿ. ನಡುವೆ ಚಹ, ತಿಂಡಿ. ಜೊತೆಗೆ ಚೀಟಿ ಎತ್ತುವ ಲಾಟರಿ; ಸದಸ್ಯರು ತಾವೇ ತಂದ ಸಾಮಾನುಗಳೇ ಬಹುಮಾನ, ಬಂದ ಹಣ ಅತಿಥಿಯ ಖರ್ಚಿಗೆ. ನೆಲದಲ್ಲಿ ಸ್ಥಳವಿದ್ದರೆ ಕೆಲವರು ಕುಣಿಯುತ್ತಾರೆ. ಬಹುಮಂದಿ ಕುಳಿತು ಕೇಳುತ್ತಾರೆ.

ಈ ಕುಳಿತು ಕೇಳುವುದರ ಬೆಲೆಯನ್ನು ನಾವು ಹಗುರವಾಗಿ ಎಣಿಸಬಾರದು. ನೃತ್ಯಶಾಲೆಯಲ್ಲಿ ವಾದಕನು ಕುಣಿಯುವವರ ಸೇವಕ. ಆತನ ಕೈಚಳಕವನ್ನು ಗಮನಿಸುವವರು ಯಾರೂ ಇಲ್ಲ. ಸಂಘದಲ್ಲಿ ಕೇಳುವವರಲ್ಲಿ ಅರ್ಧಕ್ಕರ್ಧ ಜನ ತಾವೂ ನುಡಿಸಬಲ್ಲವರು. ಅಂಥವರ ಮುಂದೆ ಮೂರು ಹಾಡು ನುಡಿಸುವ ಹುಡುಗಿಗೆ ತಪ್ಪನ್ನು ಕಂಡುಹಿಡಿಯುವ ಕಿವಿಗಳೂ ಉಂಟು, ತಪ್ಪಿದಾಗ ಕೈಬಿಡದ ಸ್ನೇಹವೂ ಉಂಟು. ಇಂಥ ಶಾಲೆಗೆ ಶುಲ್ಕವಿಲ್ಲ, ಪರೀಕ್ಷೆಯಿಲ್ಲ. ಪಾಠ ಹೇಳಿ ಸಂಬಳ ಪಡೆಯುವ ನಮ್ಮಂಥವರಿಗೆ ಇದನ್ನು ಒಪ್ಪಿಕೊಳ್ಳುವುದು ಸ್ವಲ್ಪ ಕಷ್ಟವೆ.

ಈಗ ನಮ್ಮ ನೆಲಕ್ಕೆ ಬರೋಣ. ಅಕಾರ್ಡಿಯನ್ನಿನ ದಾಯಾದಿಯಾದ ಹಾರ್ಮೋನಿಯಂ ವಾದ್ಯಕ್ಕೆ ಪ್ಯಾರಿಸ್ಸಿನ ದೆಬೆನ್ ಎಂಬಾತನು ಹಕ್ಕು ಪಡೆದದ್ದು 1842ರಲ್ಲಿ. ಪಾದ್ರಿಗಳೊಡನೆಯೂ ದೊರೆಗಳೊಡನೆಯೂ ಅದು ಹಡಗು ಹತ್ತಿ ಬಂತು. ಕಲ್ಕತ್ತೆಯ ದ್ವಾರಕಾನಾಥ ಘೋಷರು 1880ರ ದಶಕದಲ್ಲಿ ಕಾಲಿನ ತಿದಿಯನ್ನು ತೆಗೆದು, ಹಿಂದೆ ಕೈತಿದಿಯನ್ನಿಟ್ಟು, ನೆಲದ ಮೇಲೆ ಕುಳಿತು ನುಡಿಸುವ ಪೆಟ್ಟಿಗೆಯನ್ನಾಗಿ ಮಾಡಿದರು. ಕನ್ನಡನಾಡಿನಲ್ಲಿ ಅದು ಭಜನೆಯ ಮನೆಗೂ ನಾಟಕದ ಕಂಪೆನಿಗೂ ಹೊಕ್ಕಿತು. 1884ರಲ್ಲಿ ಹುಟ್ಟಿದ ಗುಬ್ಬಿಯ ಕಂಪೆನಿಯೇ ಮೊದಲಾದವುಗಳ ರಂಗದ ಮುಂದೆ ಕಾಲು ಹಾರ್ಮೋನಿಯಂ ತುಳಿಯುತ್ತ ಕುಳಿತ ಮೇಷ್ಟ್ರೇ ನಾಟಕದ ಅರ್ಧ ಪ್ರಾಣ. ಪಾತ್ರಧಾರಿಗೆ ಶ್ರುತಿ ಕೊಡುವವರು ಅವರು, ಮಾತು ಮರೆತಾಗ ಸ್ವರದಿಂದ ಸಂದು ತುಂಬುವವರು ಅವರು, ಹಳ್ಳಿಯ ಹುಡುಗನಿಗೆ ರಾಗದ ಹೆಸರು ಕಲಿಸಿದವರೂ ಅವರೇ.

ಸ್ಕಾಟ್ಲೆಂಡಿನ ರೇಡಿಯೋ ತಿದಿವಾದ್ಯಕ್ಕೆ ಬಾಗಿಲು ತೆರೆಯುವುದಕ್ಕೆ ಐದು ವರ್ಷ ಮೊದಲು, 1940ರ ಮಾರ್ಚ್ 1ರಿಂದ, ಆಲ್ ಇಂಡಿಯಾ ರೇಡಿಯೋ ತನ್ನ ಕೇಂದ್ರಗಳಲ್ಲಿ ಹಾರ್ಮೋನಿಯಮ್ಮನ್ನು ನಿಷೇಧಿಸಿತು. ಅಲ್ಲಿನ ಪಾಶ್ಚಾತ್ಯ ಸಂಗೀತ ವಿಭಾಗದಲ್ಲಿದ್ದ ಜಾನ್ ಫೌಲ್ಡ್ಸ್ ಎಂಬ ಆಂಗ್ಲ ಸಂಗೀತಗಾರನು ಅದಕ್ಕೆ ಮೊದಲೇ ಅದನ್ನು ಖಂಡಿಸಿ ಬರೆದಿದ್ದನು. ರವೀಂದ್ರನಾಥ ಠಾಕೂರರೂ ಅದರ ವಿರೋಧಿಗಳು. ಅವರ ಆಕ್ಷೇಪಣೆ ಸುಳ್ಳಲ್ಲ. ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿ ಬಿಗಿದ ನಾಲಗೆಗಳಲ್ಲಿ ನಮ್ಮ ಸೂಕ್ಷ್ಮಶ್ರುತಿಗಳು ಸಿಗವು. ಒಂದು ಮನೆಯಿಂದ ಇನ್ನೊಂದು ಮನೆಗೆ ಹಾರಬಹುದೇ ಹೊರತು ಜಾರಲು ಬಾರದು. ಗಮಕವಿಲ್ಲದ ತೋಡಿ ತೋಡಿಯೇ ಅಲ್ಲ. ಅಕಾರ್ಡಿಯನ್ನಿನಲ್ಲಂತೂ ಒಂದೇ ಸ್ವರಕ್ಕೆ ಎರಡು ಮೂರು ನಾಲಗೆಗಳನ್ನಿಟ್ಟು, ಅವುಗಳ ಶ್ರುತಿಯನ್ನು ಬೇಕೆಂದೇ ಕೂದಲೆಳೆಯಷ್ಟು ತಪ್ಪಿಸಿ, ನಾದ ನಡುಗುವಂತೆ ಮಾಡುವುದುಂಟು. ಆ ನಡುಕವೇ ಅವರಿಗೆ ಸೊಗಸು. ತಂಬೂರಿಯ ಕಿವಿಗೆ ಅದು ಶೂಲ.

ಇಷ್ಟನ್ನು ಒಪ್ಪಿಯೂ ನಮಗೆ ಆ ನಿಷೇಧ ಸರಿಯೆಂದು ತೋರುವುದಿಲ್ಲ. ಶಾಸ್ತ್ರೀಯ ಕಛೇರಿಯಲ್ಲಿ ಹಾರ್ಮೋನಿಯಂ ಬೇಡವೆಂದು ಗಾಯಕರೇ ತೀರ್ಮಾನಿಸಬಹುದಾಗಿತ್ತು. ಕರ್ಣಾಟಕ ಸಂಗೀತದವರು ಪಿಟೀಲನ್ನು ಹಿಡಿದು ಬಹುಮಟ್ಟಿಗೆ ಹಾಗೆಯೇ ಮಾಡಿದರು, ಅವರಿಗೆ ಯಾವ ಅಪ್ಪಣೆಯೂ ಬೇಕಾಗಲಿಲ್ಲ. ಅಪ್ಪಣೆಯಿಂದ ನಷ್ಟವಾದದ್ದು ಬೇರೆಯವರಿಗೆ. ಗಮಕದ ಗೊಡವೆಯೇ ಇಲ್ಲದ ಭಜನೆಯ ಮೇಳಕ್ಕೆ, ಖ್ಯಾಲ್ ಗಾಯಕರ ಹಿಂದೆ ಕುಳಿತು ಬದುಕು ಸಾಗಿಸುತ್ತಿದ್ದ ಪಕ್ಕವಾದ್ಯದವರಿಗೆ, ತಿಂಗಳ ಸಂಬಳಕ್ಕೆ ಊರೂರು ಅಲೆಯುತ್ತಿದ್ದ ಕಂಪೆನಿಯ ಮೇಷ್ಟ್ರಿಗೆ. ಶ್ರುತಿಶಾಸ್ತ್ರದ ವಾದವೊಂದು ಸರಕಾರದ ಸುತ್ತೋಲೆಯಾದೊಡನೆ, ಅದರ ತೂಕವೆಲ್ಲ ಆ ವಾದವನ್ನು ಕೇಳಿಯೇ ಇರದವರ ಮೇಲೆ ಬಿತ್ತು. ಡಂಡೀ ನಗರದ ಬಾಕಿ ವಸೂಲಿಯವನನ್ನು ಕಾಲಿನ ಸದ್ದಿಗಾಗಿ ಹೊರಗಟ್ಟಿದ ರೇಡಿಯೋ ಕೆಲವೇ ವರ್ಷಗಳಲ್ಲಿ ಮನಸ್ಸು ಬದಲಾಯಿಸಿತು. ನಮ್ಮಲ್ಲಿ ಸ್ವಾತಂತ್ರ್ಯ ಬಂತು, ಅಧಿಕಾರಿಗಳು ಬದಲಾದರು, ಅಪ್ಪಣೆ ಮಾತ್ರ ಮೂವತ್ತು ವರ್ಷ ಹಾಗೆಯೇ ನಿಂತಿತು. 1971ರಲ್ಲಿ ಅದು ಸಡಿಲವಾಯಿತು. ಅದೂ ಪೂರ್ತಿಯಾಗಿ ಅಲ್ಲ, ಮೊದಲು ಪಕ್ಕವಾದ್ಯದ ಮಟ್ಟಿಗೆ. ಅಷ್ಟರಲ್ಲಿ ಅನೇಕ ನಾಟಕದ ಕಂಪೆನಿಗಳು ಮುಚ್ಚಿದ್ದುವು. ಅವುಗಳ ಮೇಷ್ಟ್ರುಗಳಲ್ಲಿ ಎಷ್ಟೋ ಮಂದಿಯ ಕೈ ರೇಡಿಯೋದಲ್ಲಿ ಒಮ್ಮೆಯೂ ಕೇಳಿಬರದೆ ಹೋಯಿತು.