ಒಂದು ಅಕ್ಷರದ ಸಾಕ್ಷ್ಯ: ಡೆಬಿಯನ್ ವ್ಯವಸ್ಥೆಯ ಎರಡು ಪರಿವರ್ತನೆಗಳು

ಯೂನಿಕ್ಸ್ ಸಂಪ್ರದಾಯದ ಗಣಕವ್ಯವಸ್ಥೆಗಳಲ್ಲಿ ತಂತ್ರಾಂಶದ ನವೀಕರಣವು ಸುಲಭವಾದುದು, 1999ರ ಮಾರ್ಚ್ ತಿಂಗಳಲ್ಲಿ ಡೆಬಿಯನ್ 2.1ರೊಡನೆ ಹೊರಬಂದ ಆಪ್ಟ್ ಎಂಬ ಉಪಕರಣದಿಂದ ಎಂಬ ಅಭಿಪ್ರಾಯವುಂಟು. ಆಪ್ಟ್‌ನ ಉಪಕಾರ ಅಲ್ಪವಾದುದಲ್ಲ. ಆದರೆ ಅದಕ್ಕೆ ಮುನ್ನವೇ ಕಠಿಣವಾದ ಪರಿವರ್ತನೆಯೊಂದು ನಡೆದುಹೋಗಿತ್ತು. ಅದನ್ನು ಗಮನಿಸಿದರೆ ಈ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಗುತ್ತದೆಂದು ನಾವು ಭಾವಿಸುತ್ತೇವೆ.

1993ರ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಅವರು ಆರಂಭಿಸಿದ ಡೆಬಿಯನ್‌ನಲ್ಲಿ, ಪ್ರತಿಯೊಂದು ಪ್ಯಾಕೇಜೂ ತಾನು ಯಾವುದನ್ನು ಅವಲಂಬಿಸಿದೆ, ಯಾವುದರೊಡನೆ ಕೂಡಿಬಾಳಲಾರದು ಎಂಬುದರ ಬರಹವನ್ನು ತನ್ನೊಡನೆಯೇ ಹೊತ್ತು ಬರುತ್ತದೆ. ಡಿಪಿಕೆಜಿ ಎಂಬ ಉಪಕರಣವು ಆ ಬರಹವನ್ನು ಪರಿಶೀಲಿಸಿ, ಅವಲಂಬನೆ ನೆರವೇರದಿದ್ದರೆ ಪ್ಯಾಕೇಜನ್ನು ಬಳಕೆಗೆ ಸಿದ್ಧಗೊಳಿಸುವುದಿಲ್ಲ.

1998ರ ಜುಲೈನಲ್ಲಿ ಪ್ರಕಟವಾದ ಡೆಬಿಯನ್ 2.0 ತಂತ್ರಾಂಶಗಳನ್ನು ಲಿಬ್‌ಸಿ5ರಿಂದ ಲಿಬ್‌ಸಿ6ಕ್ಕೆ, ಎಂದರೆ ಗ್ಲಿಬ್‌ಸಿ 2ಕ್ಕೆ, ಸಾಗಿಸಿತು. ತೊಡಕಿದ್ದುದು ಇಲ್ಲಿಯೇ. ಪರದೆಯ ಮೇಲೆ ಕಿಟಕಿಗಳನ್ನು ತೆರೆಯುವ ತಂತ್ರಾಂಶಗಳೆಲ್ಲವೂ ಎಕ್ಸ್‌ಲಿಬ್ ಎಂಬ ಲೈಬ್ರರಿಯನ್ನು ಆಶ್ರಯಿಸಿದ್ದವು. ಎಕ್ಸ್‌ಲಿಬ್ ತಾನೇ ಸಿ ಲೈಬ್ರರಿಯನ್ನು ಆಶ್ರಯಿಸಿತ್ತು. ಹೊಸ ತಂತ್ರಾಂಶವು ಹಳೆಯ ಎಕ್ಸ್‌ಲಿಬ್ ಅನ್ನು ಕರೆದರೆ ಎರಡು ಸಿ ಲೈಬ್ರರಿಗಳು ಒಂದೇ ಸ್ಮೃತಿಯಲ್ಲಿ ಸೇರಿ ಕೆಲಸ ಕೆಡುತ್ತಿತ್ತು. ಎಕ್ಸ್‌ಲಿಬ್ ಅನ್ನು ಬದಲಾಯಿಸಿದರೆ ಹಳೆಯ ತಂತ್ರಾಂಶಗಳಿಗೂ ಅದೇ ಗತಿ. ಇದಕ್ಕೆ ಕಂಡುಕೊಂಡ ಪರಿಹಾರವು ಹೊಸ ಹೆಸರು. ಎಕ್ಸ್‌ಲಿಬ್6ರ ಪಕ್ಕದಲ್ಲಿ ಎಕ್ಸ್‌ಲಿಬ್6ಜಿ ಬಂದು ನಿಂತಿತು. 'ಜಿ' ಎಂಬುದು ಗ್ಲಿಬ್‌ಸಿಯ ಗುರುತು. ಹಳೆಯದಕ್ಕೆ ಹಳೆಯದು, ಹೊಸದಕ್ಕೆ ಹೊಸದು ಒದಗಿ, ಬಳಕೆದಾರನು ಒಂದೇ ದಿನದಲ್ಲಿ ಎಲ್ಲವನ್ನೂ ಬಿಟ್ಟುಕೊಡಬೇಕಾದ ಒತ್ತಾಯ ತಪ್ಪಿತು. ಡೆಬಿಯನ್‌ನಲ್ಲಿ ಜೆಡ್‌ಲಿಬ್1ಜಿ ಎಂಬ ಹೆಸರು ಇಂದಿಗೂ ಉಳಿದಿದೆ. ಜಿ-ರಹಿತ ರೂಪವು ಅಳಿದರೂ ಆ ಅಕ್ಷರವು ಶಿಲಾಲೇಖದಂತೆ ನಿಂತಿದೆ.

2025ರ ಆಗಸ್ಟ್‌ನ ಡೆಬಿಯನ್ 13ರಲ್ಲಿ ಇದೇ ಕ್ರಮ ಮತ್ತೆ ಕಾಣುತ್ತದೆ. 1970ರಿಂದ ಸೆಕೆಂಡುಗಳನ್ನು ಎಣಿಸುವ 32 ಬಿಟ್‌ಗಳ ಕಾಲಗಣನೆ 2038ರ ಜನವರಿ 19ರಂದು ಮುಗಿಯುವುದರಿಂದ ಅದನ್ನು 64 ಬಿಟ್‌ಗಳಿಗೆ ಹಿಗ್ಗಿಸಲಾಯಿತು. ಲಿಬ್‌ಎಸ್‌ಎಸ್‌ಎಲ್3 ಎಂಬುದು ಲಿಬ್‌ಎಸ್‌ಎಸ್‌ಎಲ್3ಟಿ64 ಆಯಿತು. ಆದರೆ ಕಡತಗಳ ಹೆಸರು ಬದಲಾಗದ ಕಾರಣ ಈ ಬಾರಿ ಹಳೆಯದೂ ಹೊಸದೂ ಒಟ್ಟಿಗೆ ಇರಲಾರವು. ಐ386 ಯಂತ್ರಗಳನ್ನು ಮಾತ್ರ, ಅವುಗಳ ಹಳೆಯ ತಂತ್ರಾಂಶಗಳು ಕೆಡದಿರಲೆಂದು, ಈ ಬದಲಾವಣೆಯಿಂದ ಹೊರಗಿಡಲಾಯಿತು. ಹಳೆಯದನ್ನು ಉಳಿಸಿಕೊಂಡವರು 2038ರ ಗಡಿಯನ್ನೂ ಉಳಿಸಿಕೊಂಡಂತಾಯಿತು.

ಇದರಿಂದ ನಾವು ನಿರ್ಣಯಿಸಬಹುದಾದುದಿಷ್ಟು. ಯಾವುದರ ಹಿಂದೆ ಯಾವುದು ಬರಬೇಕೆಂದು ಆಪ್ಟ್ ಲೆಕ್ಕಹಾಕಬಲ್ಲುದು. ಆದರೆ ಬರೆದಿಟ್ಟುದನ್ನಲ್ಲದೆ ಬೇರೊಂದನ್ನು ಅದು ತಿಳಿಯಲಾರದು. ಒಳಗಿನ ಒಪ್ಪಂದ ಬದಲಾಗಿಯೂ ಹೊರಗಿನ ಹೆಸರು ಬದಲಾಗದಿದ್ದರೆ ಅತಿ ಜಾಣ ಉಪಕರಣವೂ ಮೋಸಹೋಗುತ್ತದೆ. ನವೀಕರಣದ ಭದ್ರತೆಗೆ ಮೊದಲ ಆಧಾರ ಹೆಸರಿನ ಸತ್ಯ. ಉಪಕರಣದ ಚಾತುರ್ಯ ಅದರ ಅನಂತರದ್ದು.